ಚಿಕ್ಕತಾಯಮ್ಮನ ಎಡ ಮಂಡಿ

ಫೆಬ್ರವರಿ ಒಂಬತ್ತು, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷ. ನನ್ನ ಹಳೆಯ ನೋಟ್‌ಬುಕ್ಕಿನಲ್ಲಿ ತಾರೀಖು, ಗಂಟೆ, ನಿಮಿಷ ಎಲ್ಲ ಇವೆ. ಇಸವಿ ಮಾತ್ರ ಇಲ್ಲ. ಬರೆಯುವಾಗ ಅದೊಂದು ಮರೆತುಹೋಗಬಹುದಾದ ಸಂಗತಿ ಎಂದು ತೋರಿರಲಿಲ್ಲ. ತಾರೀಖಿನ ಕೆಳಗೆ ಒಂದೇ ಸಾಲು: ಎಡ ಮಂಡಿ, ನೇರಕ್ಕೆ ಇಪ್ಪತ್ತೆರಡು ಡಿಗ್ರಿ ಕಡಿಮೆ.

ಆ ಹೊತ್ತಿನಲ್ಲಿ ನಮ್ಮ ಬಚ್ಚಲುಮನೆಯ ಕಲ್ಲುಹಾಸಿನ ಮೇಲೆ ಚಿಕ್ಕತಾಯಮ್ಮ ಮಣೆ ಹಾಕಿಕೊಂಡು ಕುಳಿತಿದ್ದರು. ಸೀರೆಯನ್ನು ತೊಡೆಯ ಮೇಲಕ್ಕೆ ಸರಿಸಿ, ಎರಡೂ ಕಾಲುಗಳನ್ನು ಜೋಡಿಸಿ ಮುಂದಕ್ಕೆ ಚಾಚಿದ್ದರು. ಬೆಳಕಿಂಡಿಯ ಬಿಸಿಲು ಅವರ ಪಾದಗಳ ಮೇಲೆ ಬಿದ್ದಿತ್ತು. ಕಾಲುಗಳ ನಡುವಿನ ಆ ಕಾಲುವೆಯಲ್ಲಿ ಮಲಗಿಸಲು ಮಗು ಇರಲಿಲ್ಲ. ಅದು ಇನ್ನೂ ನನ್ನ ಹೊಟ್ಟೆಯಲ್ಲಿತ್ತು, ಆರನೆಯ ತಿಂಗಳು. ಚಿಕ್ಕತಾಯಮ್ಮ ಒಂದು ಚೊಂಬು ನೀರು ತೆಗೆದುಕೊಂಡು ನಿಧಾನವಾಗಿ ತಮ್ಮ ಕಾಲುಗಳ ಮೇಲೆಯೇ ಸುರಿದುಕೊಂಡರು. ನೀರು ಮಂಡಿಯ ಹತ್ತಿರ ಎರಡಾಯಿತು. ಅರ್ಧ ಪಾದದ ಕಡೆಗೆ ಇಳಿದು ಬಚ್ಚಲ ತೂಬಿನತ್ತ ಹೋಯಿತು. ಉಳಿದರ್ಧ ಹಿಂದಕ್ಕೆ ಹರಿದು ಅವರ ಮಡಿಲಿಗೇ ಬಂತು.

ಅವರು ಒದ್ದೆಯಾದ ಸೀರೆಯನ್ನು ನೋಡಿಕೊಂಡರು.

"ನೋಡಿದ್ಯಾ ಕೂಸೇ, ನೀರಿಗೆ ಗೊತ್ತಾಗೋಯ್ತು," ಎಂದರು.

ಮೂವತ್ತೊಂದು ವರ್ಷದ ನನ್ನನ್ನು ಆ ಊರಿನಲ್ಲಿ ಕೂಸೇ ಎಂದು ಕರೆಯುತ್ತಿದ್ದವರು ಅವರೊಬ್ಬರೇ. ಅದಕ್ಕೆ ಅವರಿಗೆ ಹಕ್ಕಿತ್ತು. ಹುಟ್ಟಿದ ಹನ್ನೊಂದನೆಯ ದಿನದಿಂದ ನನ್ನನ್ನು ಎಣ್ಣೆ ಹಚ್ಚಿ ಮೀಯಿಸಿದ್ದು ಅದೇ ಕಾಲುಗಳ ಮೇಲೆ. ನಮ್ಮ ಊರಿನಲ್ಲಿ ಆಗ ಮಗುವನ್ನು ಮೀಯಿಸುವುದು ಒಂದು ಕಸುಬಾಗಿತ್ತು, ಚಿಕ್ಕತಾಯಮ್ಮ ಅದರ ಒಡತಿ. ಬೆಳಿಗ್ಗೆ ಐದು ಮನೆ, ಕೆಲವು ದಿನ ಆರು ಮನೆ. ಕಾಲು ಚಾಚಿ ಕುಳಿತು, ಮಗುವಿನ ತಲೆ ತಮ್ಮ ಪಾದದ ಕಡೆಗೆ, ಅದರ ಪಾದ ತಮ್ಮ ಹೊಟ್ಟೆಯ ಕಡೆಗೆ ಬರುವಂತೆ ಮಲಗಿಸಿಕೊಳ್ಳುತ್ತಿದ್ದರು. ಮೂಗು ತೀಡುವುದು, ಕೈಕಾಲು ಅಡ್ಡಡ್ಡ ಮಡಚಿ ಬಿಡಿಸುವುದು, ಬೋರಲು ಹಾಕಿ ಬೆನ್ನು ನೀವುವುದು, ಆಮೇಲೆ ಬಿಸಿನೀರು. ಎಲ್ಲ ಮುಗಿಯಲು ಅರ್ಧ ಗಂಟೆ. ಅಷ್ಟು ಹೊತ್ತೂ ಎರಡು ಕಾಲುಗಳು ಹಲಗೆಯ ಹಾಗೆ ನೇರವಾಗಿ ನೆಲಕ್ಕೆ ಅಂಟಿಕೊಂಡಿರಬೇಕು. ಒಂದು ಮಂಡಿ ಎದ್ದರೆ ಕಾಲುವೆ ಓರೆಯಾಗಿ ಮಗು ಪಕ್ಕಕ್ಕೆ ಹೊರಳುತ್ತದೆ. ಸರಿಮಾಡಲೆಂದು ಇನ್ನೊಂದು ಮಂಡಿಯನ್ನೂ ಎತ್ತಿದರೆ ನಡುವೆ ದಿಬ್ಬ ಬೀಳುತ್ತದೆ, ಮಗುವಿನ ಸೊಂಟ ಮೇಲೆ, ತಲೆ ಕೆಳಗೆ. ಆ ದಿನ ಅವರು ಬಲ ಮಂಡಿಯನ್ನೂ ಎತ್ತಿಕೊಂಡು ಕುಳಿತಿದ್ದರು. ಎಡ ಮಂಡಿಯ ಕೆಳಗೆ ನನ್ನ ನಾಲ್ಕು ಬೆರಳು ಸಲೀಸಾಗಿ ತೂರಿದವು.

"ನೋವಿದೆಯಾ?" ಎಂದು ಕೇಳಿದೆ.

"ನೋವಿದ್ರೆ ಪರವಾಗಿರ್ಲಿಲ್ಲ. ನೋವ್ನ ತಡ್ಕಬೋದು. ಇದು ಬರಾಕೇ ಇಲ್ಲ ಅಂತದೆ."

"ಬರುತ್ತೆ. ಇನ್ನೂ ಮೂರು ತಿಂಗಳಿದೆ."

"ನಿನ್ನ ಕೂಸಿಗೆ ಮೂರು ತಿಂಗಳು. ನಂಗೆ?" ಅವರು ಗೋಡೆ ಹಿಡಿದು ಎದ್ದರು. "ಡಿಸೆಂಬರಿಂದ ಏಳು ಮನೆ ಕೈ ಬಿಟ್ಟವೆ. ಕಾಲು ಚಾಚಾಕಾಗದ ಮೇಲೆ ನಾನು ಯಾರ ಮನೆಗೆ ಏನಂತ ಹೋಗ್ಲಿ? ಕತೆ ಹೇಳಾಕಾ?"

ಹೊರಡುವಾಗ ಅವರ ಕಣ್ಣು ಬಚ್ಚಲ ಮೂಲೆಗೆ ಹೋಯಿತು. ಅಲ್ಲಿ ಒಂದು ಹೊಸ ನೀಲಿ ಪ್ಲಾಸ್ಟಿಕ್ ಟಬ್ಬು, ಅಂಟಿಸಿದ ಚೀಟಿಯೂ ಕಿತ್ತಿರಲಿಲ್ಲ. ನಮ್ಮಮ್ಮ ಹಿಂದಿನ ದಿನ ತಂದಿದ್ದರು.

"ಇದೇನು ಅಂಬುಜಮ್ಮೋರೇ?"

ಅಮ್ಮ ಒಂದು ಕ್ಷಣವೂ ತಡಮಾಡಲಿಲ್ಲ. "ಬಟ್ಟೆ ನೆನೆಹಾಕೋದಕ್ಕೆ."

"ಒಳ್ಳೇದು," ಎಂದರು ಚಿಕ್ಕತಾಯಮ್ಮ. "ಕೂಸು ಮಲಗೋ ಅಷ್ಟು ಅಗಲ ಐತೆ."

ನಾನು ಊರಿನ ವೈದ್ಯಕೀಯ ಕಾಲೇಜಿನಲ್ಲಿ ಅಂಗರಚನಾ ಶಾಸ್ತ್ರದ ಬೋಧಕಿಯಾಗಿದ್ದೆ. ಏಳು ವರ್ಷದಿಂದ ನನ್ನ ಪಾಲಿಗೆ ಬಂದ ಪಾಠ ಕಾಲು, ಸೊಂಟದಿಂದ ಕೆಳಗೆ. ಕೈಯ ಪಾಠ ಸಿಕ್ಕವರನ್ನು ಮೊದಮೊದಲು ಅಸೂಯೆಯಿಂದ ನೋಡುತ್ತಿದ್ದೆ, ಕೈಯಲ್ಲಿ ನಯಗಾರಿಕೆ ಹೆಚ್ಚು. ಆದರೆ ತೊಡೆಯನ್ನು ಪದರ ಪದರವಾಗಿ ಬಿಡಿಸುತ್ತ ಹೋದಂತೆ ಮನಸ್ಸು ಅಲ್ಲಿ ನಿಂತುಬಿಟ್ಟಿತು. ದೇಹದ ಅತಿ ಉದ್ದದ ಮೂಳೆ ಅಲ್ಲಿದೆ, ಅದು ನೇರವಾಗಿ ನಿಂತಿಲ್ಲ. ಸೊಂಟದಿಂದ ಮಂಡಿಗೆ ಓರೆಯಾಗಿ ಒಳಕ್ಕೆ ಇಳಿಯುತ್ತದೆ. ಅದರ ಮುಂದೆ ನಾಲ್ಕು ದೊಡ್ಡ ಸ್ನಾಯುಗಳು ಒಂದೇ ಹಗ್ಗವಾಗಿ ಸೇರಿ ಮಂಡಿಚಿಪ್ಪನ್ನು ಹಿಡಿದು, ಅಲ್ಲಿಂದ ಕಣಕಾಲಿನ ಮೂಳೆಗೆ ಕಟ್ಟಿಕೊಳ್ಳುತ್ತವೆ. ಮಂಡಿ ಬಾಗಿಲ ಕೀಲಿನ ಹಾಗೆ ಮಡಚಿ ಬಿಡಿಸುವ ಕೀಲು ಎಂದು ಹೊರಗಿನವರು ತಿಳಿಯುತ್ತಾರೆ. ಕಾಲು ಪೂರ್ತಿ ನೇರವಾಗುವ ಕೊನೆಯ ಕೆಲವು ಡಿಗ್ರಿಗಳಲ್ಲಿ ಮೂಳೆ ತುಸು ತಿರುಚಿಕೊಳ್ಳುತ್ತದೆ. ಆಗ ಕೀಲು ಬೀಗ ಬಿದ್ದ ಹಾಗೆ ಬಿಗಿಯಾಗುತ್ತದೆ, ಸ್ನಾಯುಗಳು ವಿಶ್ರಾಂತಿಗೆ ಹೋಗಬಹುದು. ಮತ್ತೆ ಮಡಚಬೇಕಾದಾಗ ಮಂಡಿಯ ಹಿಂದಿರುವ ಒಂದು ಪುಟ್ಟ ತ್ರಿಕೋನದ ಸ್ನಾಯು ಆ ಬೀಗವನ್ನು ತೆಗೆಯುತ್ತದೆ. ಪ್ರತಿ ವರ್ಷ ಈ ಬೀಗವನ್ನೂ ಬೀಗದ ಕೈಯನ್ನೂ ವಿದ್ಯಾರ್ಥಿಗಳಿಗೆ ತೋರಿಸುವಾಗ ನನಗೆ ಹೊಸ ಸಂತೋಷ. ಚಿಕ್ಕತಾಯಮ್ಮ ಅರ್ಧ ಗಂಟೆ ಕಾಲು ಚಾಚಿ ದಣಿಯದೆ ಕೂರುತ್ತಿದ್ದುದು ಆ ಬೀಗದ ಬಲದಿಂದ ಎಂದು ನಾನು ಒಂದು ಸಲ ತರಗತಿಯಲ್ಲಿ ಹೇಳಿಯೂ ಇದ್ದೆ.

ಡಿಸೆಂಬರಿನಲ್ಲಿ ಅವರು ಒಂದು ಮನೆಯ ಬಚ್ಚಲಿನಲ್ಲಿ ಜಾರಿದರು. ಮಗುವನ್ನು ಅದರ ಅಜ್ಜಿಯ ಕೈಗೆ ಕೊಟ್ಟು ಏಳುತ್ತಿದ್ದಾಗ ಎಣ್ಣೆ ಚೆಲ್ಲಿದ ಕಲ್ಲಿನ ಮೇಲೆ ಕಾಲಿಟ್ಟರಂತೆ. ಸಂಜೆಯ ಹೊತ್ತಿಗೆ ಮಂಡಿ ಗಡಿಗೆಯಾಗಿತ್ತು. ನಮ್ಮ ಕಾಲೇಜಿನ ಆಸ್ಪತ್ರೆಗೇ ಕರೆದುಕೊಂಡು ಹೋದೆ. ಮೂಳೆ ವಿಭಾಗದ ಡಾಕ್ಟರ್ ಪಂಚಾಕ್ಷರಿ ಎಕ್ಸ್‌ರೇ ತೆಗೆಸಿ, ಮೂಳೆಗೆ ಏನೂ ಆಗಿಲ್ಲ, ಕೀಲಿನೊಳಗೆ ನೀರು ತುಂಬಿದೆ, ತಾನಾಗಿ ಇಳಿಯುತ್ತದೆ ಎಂದರು. ಮಾತ್ರೆ ಬರೆದುಕೊಟ್ಟು, "ಮಲಗಿದಾಗ ಕಾಲು ನೇರ ಇಟ್ಕೊಳ್ಳಿ ಅಮ್ಮ, ಸ್ವಲ್ಪ ನೋವಾದರೂ ಸರಿ," ಎಂದು ಹೇಳಿ ಮುಂದಿನ ರೋಗಿಯನ್ನು ಕರೆದರು.

ಚಿಕ್ಕತಾಯಮ್ಮ ಹೂ ಕಟ್ಟಿ ಮಾರುವ ತಮ್ಮ ಮಗಳು ಜಯಮ್ಮನ ಮನೆಯಲ್ಲಿದ್ದರು, ನಮ್ಮ ಬೀದಿಯ ಹಿಂದಿನ ಸಾಲಿನಲ್ಲಿ. ಮರುದಿನ ನೋಡಲು ಹೋದರೆ ರಾತ್ರಿಯೆಲ್ಲ ನಿದ್ದೆ ಇಲ್ಲ ಎಂದರು. ನೇರ ಇಟ್ಟರೆ ಒಳಗೆ ಯಾರೋ ಸೌದೆ ಸೀಳಿದ ಹಾಗೆ ಆಗುತ್ತದೆಯಂತೆ. ನನಗೆ ಕಾರಣ ಗೊತ್ತಿತ್ತು. ಮಂಡಿಯ ಕೀಲನ್ನು ಸುತ್ತಿದ ಪೊರೆ ಒಂದು ಚೀಲದ ಹಾಗೆ. ಕಾಲು ನೇರವಿದ್ದಾಗ ಆ ಚೀಲ ಬಿಗಿಯಾಗಿರುತ್ತದೆ. ತುಸು ಮಡಚಿದರೆ, ಸುಮಾರು ಮೂವತ್ತು ಡಿಗ್ರಿಗೆ, ಅದರಲ್ಲಿ ಅತಿ ಹೆಚ್ಚು ಜಾಗ. ನೀರು ತುಂಬಿದ ಮಂಡಿ ಅಷ್ಟರಲ್ಲಿ ನಿಲ್ಲಲು ಬಯಸುತ್ತದೆ. ಪುಸ್ತಕದಲ್ಲಿದ್ದ ಮಾತು, ನಾನೇ ಪ್ರಯೋಗಶಾಲೆಯಲ್ಲಿ ಕೀಲಿನೊಳಗೆ ಬಣ್ಣದ ನೀರು ತುಂಬಿಸಿ ನೋಡಿದ್ದ ಮಾತು.

ನಾನು ಒಂದು ದಿಂಬು ಮಾಡಿದೆ. ಅಂಗಡಿಯದ್ದನ್ನು ತಂದು ಕೊಡಬಹುದಾಗಿತ್ತು, ಆದರೆ ಅದು ಅಂದಾಜಿನ ದಿಂಬಾಗುತ್ತಿತ್ತು. ಅವರ ತೊಡೆಯ ಉದ್ದ, ಕಣಕಾಲಿನ ಉದ್ದ ಅಳೆದು, ರಟ್ಟಿನಲ್ಲಿ ಮಾದರಿ ಕತ್ತರಿಸಿ, ಎರಡು ಇಳಿಜಾರು ಸೇರುವ ಹೆಂಚಿನ ಸೂರಿನ ಆಕಾರದಲ್ಲಿ ಹೊಲಿದು, ಬೂರುಗದ ಹತ್ತಿ ಗಟ್ಟಿಯಾಗಿ ತುಂಬಿದೆ. ಮಂಡಿ ಸರಿಯಾಗಿ ಮೂವತ್ತು ಡಿಗ್ರಿಗೆ ಕೂರುವ ಹಾಗೆ. ಅದರ ಮೇಲೆ ಕಾಲಿಟ್ಟ ಕೂಡಲೇ ಚಿಕ್ಕತಾಯಮ್ಮನ ಮುಖ ಸಡಿಲವಾಯಿತು.

"ಡಾಕ್ಟ್ರು ನೆಟ್ಟಗೆ ಮಡಗಿಕೊ ಅಂದಿದ್ರಲ್ಲ?" ಎಂದು ಜಯಮ್ಮ ಅನುಮಾನಿಸಿದಳು.

"ಅವರು ದಿನಕ್ಕೆ ನೂರು ಜನಕ್ಕೆ ಒಂದೇ ಮಾತು ಹೇಳ್ತಾರೆ," ಎಂದೆ. "ನಾನು ಮಂಡಿಯ ಒಳಗೆ ನೋಡಿದ್ದೀನಿ."

"ನಮ್ಮ ಕೂಸು ಹೇಳಿದ ಮ್ಯಾಕೆ ಮುಗೀತು," ಎಂದರು ಚಿಕ್ಕತಾಯಮ್ಮ ಕಣ್ಣು ಮುಚ್ಚಿಕೊಂಡು. "ಜಯಮ್ಮಾ, ನೀನು ಹೂ ಕಟ್ಟೋಗು."

ಆರೇಳು ವಾರದಲ್ಲಿ ಊತ ಇಳಿಯಿತು, ನೋವೂ ಹೋಯಿತು. ಅದಾದ ಮೇಲೆ ನಮ್ಮ ಬಚ್ಚಲಿನಲ್ಲಿ ನೀರು ಸುರಿದು ನೋಡಿದ್ದು.

ಫೆಬ್ರವರಿಯ ಉಳಿದ ದಿನಗಳನ್ನು ನಾನು ಶ್ರದ್ಧೆಯಿಂದ ಕಳೆದೆ ಎಂದು ನೋಟ್‌ಬುಕ್ ಹೇಳುತ್ತದೆ. ಎರಡು ಮರದ ಪಟ್ಟಿಗಳನ್ನು ಒಂದು ತಿರುಪಿನಲ್ಲಿ ಕೂಡಿಸಿ, ತಿರುಪಿನ ಜಾಗಕ್ಕೆ ಶಾಲೆಯ ಕೋನಮಾಪಕ ಅಂಟಿಸಿ ಅಳತೆಗೋಲು ಮಾಡಿಕೊಂಡಿದ್ದೆ. ಒಂದು ಪಟ್ಟಿ ತೊಡೆಯ ಪಕ್ಕಕ್ಕೆ, ಇನ್ನೊಂದು ಕಣಕಾಲಿನ ಪಕ್ಕಕ್ಕೆ. ಪ್ರತಿ ಸಲವೂ ಮೂರು ಬಾರಿ ಅಳೆದು ಸರಾಸರಿ ಬರೆಯುತ್ತಿದ್ದೆ. ದಿನವೂ ಕಾಲೇಜಿಗೆ ಹೋಗುವ ಮುಂಚೆ ಅವರ ಮನೆಗೆ ಹೋಗಿ ಬಿಸಿ ಎಣ್ಣೆ ಹಚ್ಚಿ ಮಂಡಿ ಮಡಚಿಸಿ ಬಿಡಿಸುತ್ತಿದ್ದೆ. ಇಪ್ಪತ್ತೆರಡು, ಇಪ್ಪತ್ತೊಂದು, ಇಪ್ಪತ್ತೆರಡು, ಇಪ್ಪತ್ತೆರಡು. ಬೆಳಿಗ್ಗೆ ಎರಡು ಡಿಗ್ರಿ ಬಿಟ್ಟುಕೊಟ್ಟ ಮಂಡಿ ಮರುದಿನ ಮತ್ತೆ ತನ್ನ ಜಾಗಕ್ಕೆ ಹೋಗಿರುತ್ತಿತ್ತು.

"ಹಿಂದ್ಗಡೆ ನರ ಹಿಡ್ಕಂಡೈತೆ," ಎನ್ನುತ್ತಿದ್ದರು.

"ಅದು ನರ ಅಲ್ಲ ಚಿಕ್ಕತಾಯಮ್ಮ, ಸ್ನಾಯುವಿನ ತುದಿಯ ಹುರಿ."

"ನೀನು ಏನಾರ ಕರಿ. ಹಿಡ್ಕಂಡಿರೋದು ಅದೇಯ."

ಮಾರ್ಚ್ ಮೂರರಂದು ನಾನು ಹೋದಾಗ ಅವರು ಹಿತ್ತಲಿನಲ್ಲಿ ಮುಖ ತೊಳೆಯುತ್ತಿದ್ದರು. ಕಾಯುತ್ತ ಅವರ ಮಂಚದ ಮೇಲೆ ಕುಳಿತೆ. ಪಕ್ಕದಲ್ಲಿ ನಾನು ಹೊಲಿದ ದಿಂಬು, ಅದಕ್ಕೆ ಜಯಮ್ಮ ಹೂವಿನ ಕಸೂತಿಯ ಹೊದಿಕೆ ಹಾಕಿದ್ದಳು. ಮೂರು ತಿಂಗಳ ಭಾರಕ್ಕೆ ಹತ್ತಿ ಕುಗ್ಗಿ ಸೂರು ಸ್ವಲ್ಪ ತಗ್ಗಾಗಿತ್ತು. ಎಷ್ಟು ತಗ್ಗಿದೆ ಎಂದು ತಿಳಿಯುವ ಕುತೂಹಲ, ಅಷ್ಟೇ; ನನ್ನ ಕೈಗೆ ಅಳೆಯುವ ಚಟವಿತ್ತು. ಅಳತೆಗೋಲಿನ ಎರಡು ಪಟ್ಟಿಗಳನ್ನು ದಿಂಬಿನ ಎರಡು ಇಳಿಜಾರಿನ ಮೇಲಿಟ್ಟು ಓದಿದೆ.

ಇಪ್ಪತ್ತೆರಡು.

ಇನ್ನೊಮ್ಮೆ ಇಟ್ಟು ಓದಿದೆ. ಮೂರನೆಯ ಬಾರಿ ಓದುವ ಧೈರ್ಯ ಬರಲಿಲ್ಲ.

ಮಂಡಿಯ ಹಿಂದಿನ ಪೊರೆಯೂ ಹುರಿಗಳೂ ಮೂರು ತಿಂಗಳು, ರಾತ್ರಿ ಎಂಟು ತಾಸು, ಹಗಲು ಕೆಲವು ತಾಸು, ಸುಖವಾಗಿ ಕುಗ್ಗಿಕೊಂಡು ಆ ಅಳತೆಗೇ ಒಗ್ಗಿಹೋಗಿದ್ದವು. ಮಂಡಿ ತನ್ನ ಹಾಸಿಗೆಯ ಅಚ್ಚಿನಲ್ಲಿ ಎರಕಗೊಂಡಿತ್ತು. ನೀರು ತುಂಬಿದ ಕೀಲು ಎಲ್ಲಿ ನಿಲ್ಲಲು ಬಯಸುತ್ತದೆ ಎಂದು ನನ್ನ ಪುಸ್ತಕ ಸರಿಯಾಗಿಯೇ ಹೇಳಿತ್ತು. ಅಲ್ಲಿ ನಿಲ್ಲಲು ಬಿಡಬೇಕೇ ಎಂಬ ಪ್ರಶ್ನೆ ಆ ಪುಸ್ತಕದ್ದಲ್ಲ. ಆ ಪ್ರಶ್ನೆಗೆ ಪಂಚಾಕ್ಷರಿಯವರು ಒಂದು ಸಾಲಿನಲ್ಲಿ ಉತ್ತರ ಕೊಟ್ಟಿದ್ದರು, ನಾನು ಅದನ್ನು ತಳ್ಳಿಹಾಕಿದ್ದೆ.

ಚಿಕ್ಕತಾಯಮ್ಮ ಒಳಗೆ ಬಂದಾಗ ತಲೆನೋವು ಎಂದು ಸುಳ್ಳು ಹೇಳಿ ಎದ್ದುಬಂದೆ. ಹೊರಡುವಾಗ ಜಯಮ್ಮನನ್ನು ಕರೆದು, ದಿಂಬನ್ನು ಬಿಸಿಲಿಗೆ ಹಾಕು, ಇವತ್ತಿನಿಂದ ಅದು ಬೇಡ ಎಂದಷ್ಟೇ ಹೇಳಿದೆ. ಆ ದಿನ ತೊಡೆಯ ಹಿಂಭಾಗದ ಪಾಠವಿತ್ತು. ಶವಛೇದನದ ಮೇಜಿನ ಮೇಲಿದ್ದ ಕಾಲು ಯಾರದ್ದೆಂದು ನಮಗೆ ಎಂದೂ ತಿಳಿಸುತ್ತಿರಲಿಲ್ಲ, ನಾವೂ ಕೇಳುತ್ತಿರಲಿಲ್ಲ. ಮಂಡಿಯ ಹಿಂದಿನ ಗುಳಿಯನ್ನು ಬಿಡಿಸಿ ತೋರಿಸುತ್ತಿದ್ದಾಗ ಒಬ್ಬ ಹುಡುಗಿ, "ಮೇಡಂ, ಈ ಮಂಡಿ ಯಾಕೆ ನೇರ ಆಗ್ತಿಲ್ಲ?" ಎಂದು ಕೇಳಿದಳು. ಸಾಮಾನ್ಯವಾಗಿ ಅದಕ್ಕೆ ನಾನು ಒಂದು ವಾಕ್ಯದ ಉತ್ತರ ಕೊಡುತ್ತಿದ್ದೆ, ರಾಸಾಯನಿಕದಲ್ಲಿ ಗಟ್ಟಿಯಾಗಿದೆ ಎಂದು. ಅಂದು, "ಇವರಿಗೂ ಯಾರೋ ದಿಂಬು ಕೊಟ್ಟಿರಬಹುದು," ಎಂದುಬಿಟ್ಟೆ. ಆಕೆ ಅದನ್ನು ಬರೆದುಕೊಂಡಳು.

ಪಾಠ ಮುಗಿಸಿ ನೇರವಾಗಿ ಪಂಚಾಕ್ಷರಿಯವರ ಕೋಣೆಗೆ ಹೋದೆ. ಅವರು ಪೂರ್ತಿ ಕೇಳಿಸಿಕೊಂಡು ಕನ್ನಡಕ ಒರೆಸಿಕೊಂಡರು.

"ನಾನು ನೇರ ಇಡಿ ಅಂದಿದ್ದೆ, ಅಲ್ವಾ ಮೇಡಂ?"

"ಹೌದು ಸರ್. ನಾನೇ ಬೇಡ ಅಂದೆ."

"ಎಷ್ಟು ಡಿಗ್ರಿಗೆ ಹೊಲಿದಿರಿ?"

"ಮೂವತ್ತಕ್ಕೆ. ಕುಗ್ಗಿ ಇಪ್ಪತ್ತೆರಡಾಗಿದೆ."

"ಹತ್ತಿ ನಿಮಗಿಂತ ಬುದ್ಧಿವಂತ," ಎಂದು ಅವರು ನಕ್ಕರು. ನನ್ನ ಮುಖ ನೋಡಿ ನಗು ನಿಲ್ಲಿಸಿದರು. "ಮೂರೇ ತಿಂಗಳಾಗಿರೋದು, ಬರುತ್ತೆ. ಪೂರ್ತಿ ಬರುತ್ತೆ ಅಂತ ಬರೆದುಕೊಡಲ್ಲ. ಹಿಮ್ಮಡಿಯನ್ನ ಒಂದು ಮಣೆ ಮೇಲಿಡಿ, ಮಂಡಿ ಕೆಳಗೆ ಏನೂ ಇರಬಾರದು. ಮಂಡಿಯಿಂದ ಸ್ವಲ್ಪ ಮೇಲೆ, ತೊಡೆ ಮೇಲೆ, ಮೂರು ಕೆಜಿ ಮರಳಿನ ಚೀಲ. ಹದಿನೈದು ನಿಮಿಷ, ದಿನಕ್ಕೆ ನಾಲ್ಕು ಸಲ. ಜೊತೆಗೆ ತೊಡೆಯ ಮುಂದಿನ ಸ್ನಾಯು ಬಿಗಿಹಿಡಿಯೋದನ್ನ ಕಲಿಸಿ, ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು." ನಾನು ಬಾಗಿಲ ಬಳಿ ಹೋದಾಗ ಮತ್ತೆ ಕರೆದರು. "ಆ ದಿಂಬನ್ನ ಎಸೀಬೇಡಿ. ನಮ್ಮ ವಿಭಾಗಕ್ಕೆ ಕೊಡಿ. ನಿಮ್ಮ ಹೆಸರು ಬರೆದು ಗಾಜಿನ ಬೀರುವಲ್ಲಿ ಇಡ್ತೀನಿ."

ಅವರಿಗೆ ಹೇಳುವುದು ಸುಲಭವಾಗಿತ್ತು. ಚಿಕ್ಕತಾಯಮ್ಮನಿಗೆ ಹೇಳಲು ಇನ್ನೂ ಎರಡು ದಿನ ಹಿಡಿಯಿತು. ಏನೂ ಹೇಳದೆ ಹೊಸ ಚಿಕಿತ್ಸೆ ಎಂದು ಶುರುಮಾಡಿಬಿಡಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. ಆ ಯೋಚನೆ ಬಂದದ್ದನ್ನೂ ನೋಟ್‌ಬುಕ್ಕಿನಲ್ಲಿ ಬರೆದಿದ್ದೇನೆ.

ಮಾರ್ಚ್ ಐದರ ಸಂಜೆ ಅವರು ಜಗಲಿಯ ಮೇಲೆ ಕುಳಿತು ಮಗಳಿಗಾಗಿ ಕನಕಾಂಬರ ಬಿಡಿಸುತ್ತಿದ್ದರು. ನಾನು ಪಕ್ಕದಲ್ಲಿ ಕುಳಿತು ಹೇಳಿದೆ. ಡಾಕ್ಟರು ಹೇಳಿದ್ದು ಸರಿ, ನಾನು ಹೇಳಿದ್ದು ತಪ್ಪು, ನಿಮ್ಮ ಕಾಲು ಹೀಗಾದದ್ದು ಜಾರಿದ್ದರಿಂದಲ್ಲ, ನನ್ನ ದಿಂಬಿನಿಂದ. ಹೇಳುವಾಗ ಎಲ್ಲಿಯೂ ಶಾಸ್ತ್ರದ ಮಾತು ಬರಲಿಲ್ಲ. ಬಂದಿದ್ದರೆ ಅದರ ಹಿಂದೆ ಅವಿತುಕೊಳ್ಳುತ್ತಿದ್ದೆ.

ಅವರು ಹೂ ಬಿಡಿಸುವುದನ್ನು ನಿಲ್ಲಿಸಲಿಲ್ಲ. ಮೊರದಲ್ಲಿದ್ದುದನ್ನೆಲ್ಲ ಮುಗಿಸಿದರು. ಆಮೇಲೆ ಕೇಳಿದರು:

"ಏಳು ಮನೆ ಹೋದ್ವಲ್ಲ, ಅದೂ ದಿಂಬಿನಿಂದಲೇಯ?"

"ಹೌದು."

"ಹೂಂ." ಮೊರವನ್ನು ಜಾಡಿಸಿದರು. "ಕೂಸು ಒಂದೇ ಮಗ್ಗುಲಾಗೆ ಸುಖವಾಗಿ ಮಲಗ್ತು ಅಂತ ಬುಟ್ಟರೆ ಏನಾಯ್ತದೆ ಗೊತ್ತಾ? ಆ ಕಡೆ ತಲೆ ಚಪ್ಪಟೆ ಆಯ್ತದೆ. ನಲವತ್ತು ವರ್ಷದಿಂದ ಬಾಣಂತೀರಿಗೆ ಬೈಕಂಡು ಬಂದಿವ್ನಿ, ತಿರುಗ್ಸಿ ಮಲಗಿಸ್ರೇ, ಅತ್ತರೆ ಅಳಲಿ ಅಂತ. ನನ್ನ ಕಾಲು ಅತ್ತಾಗ ನಂಗೆ ನೆಪ್ಪಾಗಲಿಲ್ಲ ನೋಡು."

"ನೆನಪಾಗಬೇಕಾಗಿದ್ದದ್ದು ನನಗೆ."

"ನಿಂಗೂ ಹೌದು," ಎಂದರು. ಅದರಲ್ಲಿ ಕ್ಷಮೆ ಇರಲಿಲ್ಲ, ಲೆಕ್ಕ ಸರಿಯಾಗಿತ್ತು. ಅವರು ಒಳಗೆ ಎದ್ದು ಹೋದರು, ನನ್ನನ್ನು ಕರೆಯಲಿಲ್ಲ. ನಾನು ಹೊರಡಲು ಎದ್ದಾಗ ಬಾಗಿಲ ಹಿಂದಿನಿಂದ ದನಿ ಬಂತು.

"ಆದ್ರೂ ದಿಂಬು ಬೋ ಚೆಂದಾಗಿತ್ತು ಕಣೆ. ಅಂಥ ನಿದ್ದೆ ನಾನು ಮದುವೆಯಾದಾಗ್ಲಿಂದ ಮಾಡಿರ್ಲಿಲ್ಲ."

ಮರುದಿನ ಮರಳಿನ ಚೀಲ ಹೊತ್ತು ಹೋದೆ. ಅದನ್ನು ನೋಡಿದ ಕೂಡಲೇ ಅವರು ಕಾಲು ಸರಿಸಿಕೊಂಡರು.

"ಕೂಸು ಮಲಗೋ ತೊಡೆ ಮ್ಯಾಲೆ ಮಣ್ಣು ಹಾಕ್ತೀಯಾ?"

"ಭಾರ ಬೇಕು ಅಷ್ಟೆ."

"ಭಾರ ಬೇಕಾದ್ರೆ ಮನೇಲಿ ರಾಗಿ ಇಲ್ವಾ?"

ಹಾಗಾಗಿ ಮೂರು ಕೆಜಿ ರಾಗಿ ತೂಗಿ ಒಂದು ಹಳೆಯ ದಿಂಬಿನ ಚೀಲಕ್ಕೆ ತುಂಬಿದೆವು. ಅವರು ಅದಕ್ಕೊಂದು ಮೆತ್ತನೆಯ ಸೀರೆಯ ತುಂಡು ಸುತ್ತಿದರು. ಅವರ ಕೈ ಸುತ್ತುತ್ತ ಸುತ್ತುತ್ತ ತಾನಾಗಿ ಮಗುವಿಗೆ ಬಟ್ಟೆ ಸುತ್ತುವ ಕ್ರಮಕ್ಕೆ ಹೋಯಿತು. ಕೊನೆಗೆ ಆ ಗಂಟು ಥೇಟು ಒಂದು ತಿಂಗಳ ಕೂಸಿನಂತೆ ಕಂಡಿತು. ಹಿಮ್ಮಡಿ ಮಣೆಯ ಮೇಲೆ, ಮಂಡಿಯ ಮೇಲ್ಗಡೆ ರಾಗಿ. ಮೊದಲ ದಿನ ಐದು ನಿಮಿಷಕ್ಕೇ ಬೆವೆತರು. ನಾನು ಗಡಿಯಾರ ನೋಡುತ್ತ ಸಾಕು ಎಂದರೆ, "ನೀನು ಸುಮ್ಕಿರು, ಸುಖ ಕೊಟ್ಟು ನೋಡಿದ್ದಾಯ್ತಲ್ಲ," ಎಂದು ಬಾಯಿ ಮುಚ್ಚಿಸಿದರು.

ವಾರದೊಳಗೆ ಆ ಗಂಟಿಗೆ ಹೆಸರು ಬಂತು, ರಾಗಪ್ಪ. "ನಮ್ಮ ರಾಗಪ್ಪ ಅಳಾಕಿಲ್ಲ, ಒದೆಯಾಕಿಲ್ಲ, ಉಚ್ಚೆ ಹುಯ್ಯಾಕಿಲ್ಲ. ಇಂಥ ಮಗ ಈ ಊರಲ್ಲಿ ಯಾರ ಮನೇಲೂ ಹುಟ್ಟಿಲ್ಲ," ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರು. ಜಯಮ್ಮ ರೊಟ್ಟಿಗೆ ರಾಗಿ ಸಾಲದು ಎಂದ ದಿನ, "ನಿನ್ನ ತಮ್ಮನ್ನ ಬೀಸ್ತೀಯಾ?" ಎಂದು ಕೇಳಿದರಂತೆ. ನನ್ನ ಹೊಟ್ಟೆ ಬೆಳೆದಂತೆ ರಾಗಪ್ಪನಿಗೂ ಭಾರ ಹೆಚ್ಚಿಸಿದೆವು, ಮೂರೂಕಾಲು, ಮೂರೂವರೆ. ನೋಟ್‌ಬುಕ್ಕಿನ ಅಂಕಿಗಳು ಇಳಿಯತೊಡಗಿದವು. ಹತ್ತೊಂಬತ್ತು. ಹದಿನಾರು. ಹದಿಮೂರು. ಏಪ್ರಿಲ್ ಮೊದಲ ವಾರ ಒಂಬತ್ತಕ್ಕೆ ಬಂದು ಅಲ್ಲೇ ನಿಂತವು. ಒಂಬತ್ತು, ಒಂಬತ್ತು, ಒಂಬತ್ತು.

ಈ ಸಲ ತಡೆ ಮಂಡಿಯ ಹಿಂದೆ ಇರಲಿಲ್ಲ. ನಾನು ಕೈಯಿಂದ ಒತ್ತಿದರೆ ಕಾಲು ಇನ್ನೂ ಇಳಿಯುತ್ತಿತ್ತು, ಬಿಟ್ಟರೆ ವಾಪಸ್ಸು. ಅವರ ಬಲತೊಡೆಯಲ್ಲಿ, ಮಂಡಿಚಿಪ್ಪಿನ ಮೇಲೆ ಒಳಬದಿಗೆ, ಹನಿಯ ಆಕಾರದ ಒಂದು ಉಬ್ಬು ಚೆನ್ನಾಗಿ ಕಾಣುತ್ತಿತ್ತು. ತೊಡೆಯ ನಾಲ್ಕು ಸ್ನಾಯುಗಳಲ್ಲಿ ಒಳಗಿನದರ ತುದಿ ಅದು. ಮಂಡಿಗೆ ಪೆಟ್ಟಾದರೆ ಮೊದಲು ಸೊರಗುವುದು ಅದೇ. ಎಡತೊಡೆಯಲ್ಲಿ ಆ ಜಾಗ ಬರಿದಾಗಿತ್ತು. ಚಿಪ್ಪಿನಿಂದ ಹತ್ತು ಸೆಂಟಿಮೀಟರ್ ಮೇಲೆ ಸುತ್ತಳತೆ ತೆಗೆದರೆ ಎರಡು ತೊಡೆಗಳಿಗೆ ಮೂರು ಸೆಂಟಿಮೀಟರ್ ವ್ಯತ್ಯಾಸ.

"ಮಂಡಿ ಹಿಂಭಾಗವನ್ನ ನೆಲಕ್ಕೆ ಒತ್ತಿ. ಚಿಪ್ಪನ್ನ ತೊಡೆ ಕಡೆಗೆ ಎಳೆಯಿರಿ," ಎಂದು ನಾನು ಹೇಳಿಕೊಡುತ್ತಿದ್ದೆ. ಅವರು ಹಲ್ಲು ಕಚ್ಚುತ್ತಿದ್ದರು, ಭುಜ ಬಿಗಿಹಿಡಿಯುತ್ತಿದ್ದರು, ಬಲಗಾಲು ಕೂಡ ಬಿಗಿಯುತ್ತಿತ್ತು. ಎಡ ಚಿಪ್ಪು ಕದಲುತ್ತಿರಲಿಲ್ಲ. ಮಾತು ಕೇಳುವ ಅಭ್ಯಾಸ ಅದಕ್ಕೆ ತಪ್ಪಿಹೋಗಿತ್ತು. ಹತ್ತು ದಿನ ಹೀಗೆಯೇ ಕಳೆಯಿತು. ಆ ನಡುವೆ ಇನ್ನೊಂದು ಮನೆಯವರೂ ಬೇರೆ ಹೆಂಗಸನ್ನು ಗೊತ್ತುಮಾಡಿಕೊಂಡ ಸುದ್ದಿ ಬಂತು. ಆ ದಿನ ಅವರು ರಾಗಪ್ಪನನ್ನು ಮಂಚದ ಕೆಳಗೆ ತಳ್ಳಿದ್ದರು.

ಒಂದು ಬೆಳಿಗ್ಗೆ ನಾನು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಒಳಗೆ ಅವರು ಯಾರೊಂದಿಗೋ ಮಾತಾಡುವುದು ಕೇಳಿಸಿತು. ಮಗುವಿನ ಕಣ್ಣಿಗೆ ಸೀಗೆ ಬೀಳದಂತೆ ಮೇಲೆ ನೋಡಿಸಲು ಅವರು ಆಡುತ್ತಿದ್ದ ಅದೇ ದನಿ. "ಬಾ, ಬಾ ಬಾ, ಮ್ಯಾಕೆ ಬಾ, ನನ್ನಪ್ಪ ಬಾ." ಚಾಪೆಯ ಮೇಲೆ ಕಾಲು ಚಾಚಿ ಕುಳಿತು, ಎರಡು ಬೆರಳಿನಿಂದ ಮಂಡಿಚಿಪ್ಪಿನ ಮೇಲೆ ಮೆಲ್ಲಗೆ ತಟ್ಟುತ್ತ ಅದನ್ನು ಕರೆಯುತ್ತಿದ್ದರು. ಭುಜಗಳು ಸಡಿಲವಾಗಿದ್ದವು, ಹಲ್ಲು ಕಚ್ಚಿರಲಿಲ್ಲ. ನಾನು ನೋಡುತ್ತಿದ್ದಂತೆ ಚಿಪ್ಪು ತೊಡೆಯ ಕಡೆಗೆ ಒಂದು ಬೆರಳಗಲ ಜಾರಿತು. ಒಳಬದಿಯಲ್ಲಿ ಚರ್ಮದ ಕೆಳಗೆ ಏನೋ ಎದ್ದು ನಿಂತಿತು.

ಅವರು ಅದರ ಮೇಲೆ ಕೈಯಿಟ್ಟು ನೋಡಿದರು. "ಇದೇನೇ ಇದು, ಇಲಿಮರಿ ಹಂಗೆ ಓಡಾಡ್ತದಲ್ಲ?"

"ಅದೇ," ಎಂದೆ. "ಅದಕ್ಕೇ ಕಾಯ್ತಿದ್ದೆ." ಅದರ ಲ್ಯಾಟಿನ್ ಹೆಸರನ್ನೂ ಹೇಳಿದೆ, ಸಂತೋಷ ತಡೆಯಲಾರದೆ.

"ಇಲಿಮರಿ ಸಾಕು," ಎಂದರು.

ಹೆರಿಗೆಗೆ ಮುಂಚೆ ಕೊನೆಯ ಸಲ ಅಳೆದದ್ದು ಮೇ ಹತ್ತರಂದು. ಆರು ಡಿಗ್ರಿ. ಬಗ್ಗಿ ಓದಲು ನನಗೆ ಹೊಟ್ಟೆ ಅಡ್ಡ ಬರುತ್ತಿತ್ತು. ಆರು ಡಿಗ್ರಿಗೆ ಬೀಗ ಬೀಳುತ್ತದೆಯೇ, ಅರ್ಧ ಗಂಟೆ ನಿಲ್ಲುತ್ತದೆಯೇ ಎಂದು ನನಗೆ ಗೊತ್ತಿರಲಿಲ್ಲ. ಹಾಗೆಂದೇ ಹೇಳಿದೆ. "ಗೊತ್ತಿಲ್ಲ ಅನ್ನಾಕೂ ಕಲ್ತಂಡೆ," ಎಂದು ಚಿಕ್ಕತಾಯಮ್ಮ ನನ್ನ ಕೆನ್ನೆ ಸವರಿದರು.

ಮೇ ಹದಿನೇಳರ ಬೆಳಗಿನಲ್ಲಿ ಮಗಳು ಹುಟ್ಟಿದಳು. ಮೂರು ಕೆಜಿ ನೂರು ಗ್ರಾಂ, ರಾಗಪ್ಪನಿಗಿಂತ ಹಗುರ.

ಇಪ್ಪತ್ತೆಂಟನೆಯ ತಾರೀಖು ಚಿಕ್ಕತಾಯಮ್ಮ ಬಂದರು. ಜಯಮ್ಮ ಮುಡಿಸಿ ಕಳಿಸಿದ್ದ ಕನಕಾಂಬರ ಮುಡಿಯಲ್ಲಿತ್ತು, ಕಂಕುಳಲ್ಲಿ ರಾಗಪ್ಪ. ಗಂಟನ್ನು ಅಮ್ಮನ ಕೈಗಿಟ್ಟು, "ಕೂಸಿಗೆ ಆರು ತಿಂಗಳಾದ ಮ್ಯಾಕೆ ಮೊಳಕೆ ಕಟ್ಟಿ ರಾಗಿಸರಿ ಮಾಡಿ ಉಣ್ಸಿ. ಬೋ ವಿಧೇಯ ರಾಗಿ," ಎಂದರು. ಬಚ್ಚಲಿನಲ್ಲಿ ಹಂಡೆ ಕುದಿಯುತ್ತಿತ್ತು. ಮೂಲೆಯ ನೀಲಿ ಟಬ್ಬಿನಲ್ಲಿ ಮಗುವಿನ ಬಟ್ಟೆಗಳು ನಿಜವಾಗಿಯೂ ನೆನೆಯುತ್ತಿದ್ದವು. ಆದರೆ ಅವುಗಳ ಪಕ್ಕದಲ್ಲಿ ಅಮ್ಮ ಇನ್ನೊಂದು ಪಾತ್ರೆಯನ್ನು ಖಾಲಿಯಾಗಿ ಇಟ್ಟಿದ್ದನ್ನು ನಾನು ನೋಡಿದೆ. ಬೇಕಾದರೆ ಬಟ್ಟೆಗಳನ್ನು ಅದಕ್ಕೆ ಸುರಿದು ಟಬ್ಬು ಬಿಡಿಸಿಕೊಳ್ಳಲು. ಚಿಕ್ಕತಾಯಮ್ಮನೂ ನೋಡಿದರು.

ನಾನು ತಲೆಗೆ, ಕಿವಿಗೆ ಬಟ್ಟೆ ಕಟ್ಟಿಕೊಂಡು ಹೊಸ್ತಿಲ ಮೇಲೆ ಕುಳಿತೆ. ಅವರು ಮಣೆ ಹಾಕಿಕೊಂಡು ಕುಳಿತು ಸೀರೆ ಸರಿಸಿ ಕಾಲು ಚಾಚಿದರು. ಬೆಳಕಿಂಡಿಯ ಬಿಸಿಲು ಪಾದಗಳ ಮೇಲೆ ಬಿತ್ತು. ಎರಡು ಬೆರಳಿನಿಂದ ಎಡ ಮಂಡಿಚಿಪ್ಪಿನ ಮೇಲೆ ತಟ್ಟಿ, ಗಂಟಲೊಳಗೇ ಏನೋ ಅಂದರು. ಚಿಪ್ಪು ಮೇಲೆ ಸರಿಯಿತು. ಕಾಲು ತುಸು ತಿರುಚಿಕೊಂಡು ನೆಲಕ್ಕೆ ಇಳಿಯಿತು. ಏಳು ವರ್ಷ ಮೇಜಿನ ಮೇಲೆ ತೋರಿಸಿದ್ದ ಆ ಬೀಗ ಬೀಳುವುದನ್ನು ನಾನು ಬದುಕಿರುವ ಕಾಲಿನಲ್ಲಿ, ಅಷ್ಟು ಹತ್ತಿರದಿಂದ, ಅಂದೇ ನೋಡಿದ್ದು.

"ಕೊಡಿ," ಎಂದು ಕೈ ಚಾಚಿದರು.

ಅಮ್ಮ ಮಗುವನ್ನು ಕೊಟ್ಟರು. ಎಣ್ಣೆ, ಮೂಗು ತೀಡುವುದು, ಕೈಕಾಲು ಅಡ್ಡಡ್ಡ. ಮಗು ಕಿರುಚಿತು, ಆಮೇಲೆ ಬೆನ್ನು ನೀವುವಾಗ ಕಣ್ಣು ಅರೆ ಮುಚ್ಚಿ ಸುಮ್ಮನಾಯಿತು. ಇಪ್ಪತ್ತು ನಿಮಿಷ ಕಳೆದಿತ್ತು. ಅವರ ಎಡತೊಡೆ ಒಮ್ಮೆಯೂ ನಡುಗಲಿಲ್ಲ. ಮೊದಲ ಚೊಂಬು ನೀರು ಹುಯ್ದರು. ಮಗುವಿನ ಬೆನ್ನ ಮೇಲಿಂದ ಇಳಿದ ನೀರು ಎರಡು ಕಾಲುಗಳ ನಡುವೆ ಸೇರಿ ಮಂಡಿಯ ಹತ್ತಿರ ಬಂತು. ಅದು ಅಲ್ಲಿ ಎರಡಾಗಲಿಲ್ಲ. ಮಂಡಿಯನ್ನು ದಾಟಿ, ಕಣಕಾಲುಗಳ ನಡುವೆ ಹಾದು, ಪಾದಗಳ ಆಚೆ ಬಿಸಿಲಿಗೆ ಹೊಳೆದು, ತೂಬಿನ ಕಡೆಗೆ ಒಂದೇ ಧಾರೆಯಾಗಿ ಹೋಯಿತು.

ಅಮ್ಮ ಆ ಖಾಲಿ ಪಾತ್ರೆಯನ್ನು ಕೈಗೆತ್ತಿಕೊಂಡು ಅಡುಗೆಮನೆಗೆ ಹೋದರು.

ಚಿಕ್ಕತಾಯಮ್ಮ ಮಗುವಿನ ಕಣ್ಣಿನ ಮೇಲೆ ಅಂಗೈ ಅಡ್ಡ ಹಿಡಿದು ಎರಡನೆಯ ಚೊಂಬು ಎತ್ತಿದರು. ನನ್ನ ಕಡೆ ತಿರುಗದೆಯೇ ಹೇಳಿದರು:

"ಸೆರಗಿನಾಗೆ ಬಚ್ಚಿಟ್ಟಿದ್ಯಲ್ಲ ಅಳತೆಗೋಲು, ತೆಗಿ. ಅಳೆದು ಬುಡು. ಇಲ್ಲದಿದ್ರೆ ನಿಂಗೆ ಹಾಲು ಇಳಿಯಾಕಿಲ್ಲ."

ನಾನು ಒದ್ದೆ ಕಲ್ಲಿನ ಮೇಲೆ ಮಂಡಿಯೂರಿ, ಒಂದು ಪಟ್ಟಿಯನ್ನು ಅವರ ತೊಡೆಯ ಪಕ್ಕಕ್ಕೂ ಇನ್ನೊಂದನ್ನು ಕಣಕಾಲಿನ ಪಕ್ಕಕ್ಕೂ ಹಿಡಿದೆ. ಮಗಳ ಹಿಮ್ಮಡಿ ನನ್ನ ಮಣಿಕಟ್ಟನ್ನು ಒದೆಯುತ್ತಿತ್ತು, ಬಿಸಿನೀರು ನನ್ನ ಬೆರಳುಗಳ ಮೇಲೆ ಹರಿಯುತ್ತಿತ್ತು. ಮೂರು ಬಾರಿ ಓದಿದೆ. ಎಡ ಮಂಡಿ, ನೇರಕ್ಕೆ ಎರಡು ಡಿಗ್ರಿ ಕಡಿಮೆ.